ವೈಬಿಸಿಓ ಫಿಲ್ಮಿಗೆ ಮ್ಯಾಗ್ನೆಟಿಕ್ ಫೀಲ್ಡ್ ಹಾಕಿ ರೆಸಿಸ್ಟೆನ್ಸ್ ಅಳೆಯೋದು ಹೇಗೆ: ಕರ್ವಿನ ಬುಡ ನೋಡಿ, ತಲೆ ಅಲ್ಲ

ಸೂಪರ್‌ಕಂಡಕ್ಟರ್ ಅಂದ್ರೆ ರೆಸಿಸ್ಟೆನ್ಸ್ ಸೊನ್ನೆ, ಇಷ್ಟನ್ನ ಪಿಯುಸಿಯಲ್ಲೇ ಓದಿರ್ತೀವಿ. ಅದೇ ಒಂದು ಹೈ-ಟಿಸಿ ಫಿಲ್ಮ್ (ಟಿಸಿ ಅಂದ್ರೆ ಸೂಪರ್‌ಕಂಡಕ್ಟರ್ ಆಗೋ ಟೆಂಪರೇಚರ್, ಇದರಲ್ಲಿ ಅದು ಜಾಸ್ತಿ) ತಗೊಂಡು ಮ್ಯಾಗ್ನೆಟ್ ಮಧ್ಯ ಇಟ್ಟು ಅಳೀರಿ ನೋಡೋಣ, ಆ ಸೊನ್ನೆ ಎಲ್ಲಿಂದ ಶುರು ಅಂತ ಬೆರಳಿಟ್ಟು ತೋರಿಸೋದೇ ಕಷ್ಟ ಆಗತ್ತೆ. ಇದನ್ನ ಎಂಎಸ್ಸಿ ಪ್ರಾಜೆಕ್ಟ್ ಮಾಡೋರಿಗೆ, ಪಿಎಚ್‌ಡಿ ಮೊದಲನೇ ವರ್ಷದೋರಿಗೆ ಅಂತ ಬರೀತಿದೀನಿ, ಅಂದ್ರೆ ಲ್ಯಾಬಲ್ಲಿ ಲಿಕ್ವಿಡ್ ನೈಟ್ರೋಜನ್ ಸಿಗತ್ತೆ, ಮೂಲೇಲಿ ಒಂದು ಎಲೆಕ್ಟ್ರೋಮ್ಯಾಗ್ನೆಟ್ ಇದೆ, ಗೈಡು "ಫೀಲ್ಡ್ ಹಾಕಿ ಆರ್-ಟಿ ತಗೊಂಡ್ ಬಾ" (ಆರ್-ಟಿ ಅಂದ್ರೆ ಟೆಂಪರೇಚರ್ ಬದಲಾದ ಹಾಗೆ ರೆಸಿಸ್ಟೆನ್ಸ್ ಹೇಗೆ ಬದಲಾಗತ್ತೆ ಅನ್ನೋ ಕರ್ವ್) ಅಂತ ಒಂದು ಮಾತು ಹೇಳಿ ಮೀಟಿಂಗಿಗೆ ಹೋಗಿದಾರೆ, ಅಂಥ ಸ್ಥಿತಿಲಿ ಇರೋರಿಗೆ.

ಮೆಟೀರಿಯಲ್ ಯಾವುದು ಅಂದ್ರೆ ವೈಬಿಸಿಓ, ಇಟ್ರಿಯಂ ಬೇರಿಯಂ ಕಾಪರ್ ಆಕ್ಸೈಡ್. 1986ರಲ್ಲಿ ಜ್ಯೂರಿಕ್‌ನಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಲ್ಯಾಂಥನಮ್ ಇರೋ ಕಾಪರ್ ಆಕ್ಸೈಡಲ್ಲಿ ಬಾಗಿಲು ತೆಗೆದ್ರು, 1987ರಲ್ಲಿ ಅಮೆರಿಕದಲ್ಲಿ ಪಾಲ್ ಚು ಮತ್ತೆ ಎಂ.ಕೆ. ವು ಅವರ ಗುಂಪುಗಳು ವೈಬಿಸಿಓ ಮಾಡಿ 90 ಕೆಲ್ವಿನ್ ದಾಟಿಸಿದ್ರು, ಅದೇ ವರ್ಷ ನಮ್ಮ ಬೆಂಗಳೂರಿನ ಐಐಎಸ್ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ಗುಂಪೂ 90 ಕೆಲ್ವಿನ್ನಿನ ಈ ಆಕ್ಸೈಡ್ ಬಗ್ಗೆ ಪೇಪರ್ ಹಾಕಿತ್ತು. ಲೇಸರ್ ಹೊಡೆದು ಇದನ್ನೇ ಫಿಲ್ಮ್ ಮಾಡಬಹುದು ಅಂತ ತೋರಿಸಿದ್ದೂ 1987ರಲ್ಲೇ, ನ್ಯೂಜೆರ್ಸಿಯ ಬೆಲ್‌ಕೋರ್‌ನಲ್ಲಿ ವೆಂಕಟೇಶನ್ ಅವರ ಗುಂಪು. ಸಾಕು ಇತಿಹಾಸ.

ಕೆಲಸಕ್ಕೆ ಕೈ ಹಾಕೋ ಮುಂಚೆ ಒಳಗೆ ಏನಾಗ್ತಿದೆ ಅಂತ ತಿಳ್ಕೊಳ್ಳಿ, ಇಲ್ಲಾಂದ್ರೆ ಗ್ರಾಫ್ ಬಂದ್ಮೇಲೆ ಅದರಲ್ಲಿ ಏನು ಓದ್ಬೇಕು ಅಂತಾನೇ ಗೊತ್ತಾಗಲ್ಲ. ಈ ಜಾತಿ ಸೂಪರ್‌ಕಂಡಕ್ಟರು ಫೀಲ್ಡನ್ನ ಪೂರ್ತಿ ಹೊರಗೆ ತಳ್ಳಲ್ಲ, ಸಣ್ಣ ಸಣ್ಣ ಕೊಳವೆಗಳಾಗಿ ಒಳಗೆ ಬಿಟ್ಕೊಳ್ಳತ್ತೆ. ಇವಕ್ಕೆ ವಾರ್ಟೆಕ್ಸ್ ಅಂತಾರೆ, 1957ರಲ್ಲಿ ಅಬ್ರಿಕೊಸೊವ್ ಲೆಕ್ಕ ಹಾಕಿ ಹೇಳಿದ್ರು, ನೊಬೆಲ್ ಬಂದಿದ್ದು ಮಾತ್ರ 2003ರಲ್ಲಿ. ಒಂದೊಂದು ವಾರ್ಟೆಕ್ಸೂ ಹೊರೋ ಫ್ಲಕ್ಸು ಕರಾರುವಾಕ್ಕಾಗಿ ಒಂದೇ, 2.07 × 10⁻¹⁵ ವೆಬರ್. ಇಷ್ಟು ಗೊತ್ತಿದ್ರೆ ಉಳಿದಿದ್ದು ಭಾಗಾಕಾರ: 1 ಟೆಸ್ಲಾ ಹಾಕಿದ್ರೆ ಒಂದು ಚದರ ಮೈಕ್ರಾನಿನಲ್ಲಿ ಸುಮಾರು 480 ವಾರ್ಟೆಕ್ಸು, ಅಕ್ಕಪಕ್ಕದ ಎರಡರ ನಡುವೆ ಸುಮಾರು 49 ನ್ಯಾನೋಮೀಟರು. ನೀವು ಕರೆಂಟ್ ಹರಿಸಿದ್ರೆ ಅದು ಈ ವಾರ್ಟೆಕ್ಸುಗಳನ್ನ ಅಡ್ಡಕ್ಕೆ ತಳ್ಳತ್ತೆ, ಅವು ಜರುಗಿದ್ರೆ ಕರೆಂಟ್ ಹರಿಯೋ ದಿಕ್ಕಲ್ಲೇ ವೋಲ್ಟೇಜ್ ಹುಟ್ಟತ್ತೆ, ವೋಲ್ಟೇಜ್ ಬಂತು ಅಂದ್ರೆ ರೆಸಿಸ್ಟೆನ್ಸ್ ಬಂತು. ಎಲೆಕ್ಟ್ರಾನುಗಳು ಜೋಡಿಯಾಗೇ ಇರ್ತವೆ, ಸೂಪರ್‌ಕಂಡಕ್ಟಿವಿಟಿ ಸತ್ತಿರಲ್ಲ, ಆದ್ರೂ ಮೀಟರಲ್ಲಿ ಸೊನ್ನೆ ಕಾಣಲ್ಲ.

ಹಾಗಾದ್ರೆ ಫೀಲ್ಡಲ್ಲಿ ಯಾವತ್ತೂ ಸೊನ್ನೆ ಬರಲ್ವಾ ಅಂದ್ರೆ ಬರತ್ತೆ, ಯಾಕಂದ್ರೆ ಫಿಲ್ಮಲ್ಲಿರೋ ದೋಷಗಳು, ಖಾಲಿ ಬಿದ್ದ ಆಕ್ಸಿಜನ್ ಜಾಗ, ಡಿಸ್‌ಲೊಕೇಶನ್ನು, ಟ್ವಿನ್ ಗೋಡೆ, ಇವು ವಾರ್ಟೆಕ್ಸನ್ನ ಹಿಡಿದಿಟ್ಕೊಳ್ಳತ್ತೆ. ಕೆಸರಲ್ಲಿ ಚಕ್ರ ಹೂತ ಗಾಡಿ ಹಾಗೆ: ಕರೆಂಟ್ ಅನ್ನೋದು ಎತ್ತು, ಶಾಖ ಅನ್ನೋದು ಹಿಂದಿಂದ ಅಲ್ಲಾಡಿಸೋ ಜನ, ಎರಡೂ ಸೇರಿದ್ರೆ ಗಾಡಿ ಮೇಲೆ ಬರತ್ತೆ. ವೈಬಿಸಿಓದಲ್ಲಿ ಕೊಹೆರೆನ್ಸ್ ಲೆಂತ್ (ಸುಮಾರಾಗಿ ಒಂದು ಎಲೆಕ್ಟ್ರಾನ್ ಜೋಡಿಯ ಹರವು) ಕಾಪರ್-ಆಕ್ಸಿಜನ್ ಪದರದ ಉದ್ದಕ್ಕೆ ಬರೀ 1.5 ನ್ಯಾನೋಮೀಟರ್ ಆಸುಪಾಸು, ಹಾಗಾಗಿ ಒಂದೊಂದು ದೋಷ ಹಿಡಿಯೋ ಶಕ್ತಿ ಕಮ್ಮಿ, ಮೇಲಿಂದ 77 ಕೆಲ್ವಿನ್ ಅಂದ್ರೆ ಹಳೇ ಸೂಪರ್‌ಕಂಡಕ್ಟರುಗಳ 4 ಕೆಲ್ವಿನ್ನಿಗೆ ಹೋಲಿಸಿದ್ರೆ ಭಾರೀ ಬಿಸಿ. ಅದಕ್ಕೇ ಹಳೇ ನಯೋಬಿಯಂ ತಂತಿಲಿ ಚೂಪಾಗಿ ಕೆಳಗೆ ಬೀಳೋ ಕರ್ವು ಇಲ್ಲಿ ಉದ್ದ ಬಾಲ ಬಿಟ್ಕೊಂಡು ಇಳಿಯತ್ತೆ.

ಈಗ ಕೆಲಸಕ್ಕೆ ಬನ್ನಿ.

ಫಿಲ್ಮು ನೀವೇ ಬೆಳೆಸ್ತೀರೋ ಯಾರ ಹತ್ರಾನೋ ತರ್ತೀರೋ, ಮೊದಲು ಫೀಲ್ಡ್ ಇಲ್ಲದೆ ಒಂದು ಆರ್-ಟಿ ತಗೊಳ್ಳಿ. ಬೆಳೆಸೋರಿಗೆ: ಪಿಎಲ್‌ಡಿಯಲ್ಲಿ (ಲೇಸರ್ ಪಲ್ಸ್ ಹೊಡೆದು ಫಿಲ್ಮ್ ಬೆಳೆಸೋ ವಿಧಾನ) 248 ನ್ಯಾನೋಮೀಟರಿನ ಎಕ್ಸೈಮರ್ ಲೇಸರು, ಸಬ್‌ಸ್ಟ್ರೇಟ್ (ಫಿಲ್ಮ್ ಕೂರೋ ತಳ) 750–800 ಡಿಗ್ರಿ ಸೆಲ್ಸಿಯಸ್, ಆಕ್ಸಿಜನ್ 0.2–0.3 ಮಿಲಿಬಾರ್ ಆಸುಪಾಸು, ಆಮೇಲೆ ತಣ್ಣಗಾಗೋವಾಗ ಜಾಸ್ತಿ ಆಕ್ಸಿಜನ್ ತುಂಬಿ 450–500 ಡಿಗ್ರಿಲಿ ಸ್ವಲ್ಪ ಹೊತ್ತು ನಿಲ್ಲಿಸೋದು. ಈ ಕೊನೇ ಹೆಜ್ಜೇಲಿ ಅವಸರ ಮಾಡಿದ್ರೆ ಆಕ್ಸಿಜನ್ ಕಮ್ಮಿ ಆಗಿ ಟಿಸಿ 90ರಿಂದ ಕೆಳಗೆ ಜಾರತ್ತೆ. ಸಬ್‌ಸ್ಟ್ರೇಟಿಗೆ ಸ್ಟ್ರಾನ್ಶಿಯಂ ಟೈಟನೇಟು ಅಥವಾ ಲ್ಯಾಂಥನಮ್ ಅಲ್ಯುಮಿನೇಟು ಎರಡೂ ನಡೆಯತ್ತೆ. ಒಳ್ಳೇ ಫಿಲ್ಮ್ ಅಂತ ಹೇಗೆ ಗೊತ್ತಾಗತ್ತೆ ಅಂದ್ರೆ ರೂಮ್ ಟೆಂಪರೇಚರಿಂದ 100 ಕೆಲ್ವಿನ್ ತನಕ ರೆಸಿಸ್ಟೆನ್ಸು ಗೆರೆ ಎಳೆದ ಹಾಗೆ ನೇರ ಇಳೀಬೇಕು, 300ರಲ್ಲಿ ಇರೋದು 100ರಲ್ಲಿ ಇರೋದಕ್ಕಿಂತ ಸುಮಾರು 3 ಪಟ್ಟು ಇರ್ಬೇಕು, ಬೀಳೋ ಅಗಲ 1 ಕೆಲ್ವಿನ್ ಆಸುಪಾಸು ಇರ್ಬೇಕು. ಸೊನ್ನೆ ಫೀಲ್ಡಲ್ಲೇ 3–4 ಕೆಲ್ವಿನ್ ಅಗಲ ಇದ್ರೆ ಆ ಸ್ಯಾಂಪಲನ್ನ ಬಿಟ್ಟಾಕಿ, ಆಮೇಲೆ ಫೀಲ್ಡ್ ಹಾಕಿದಾಗ ಬಂದ ಅಗಲ ಯಾವುದು, ಮೊದಲೇ ಇದ್ದದ್ದು ಯಾವುದು ಅಂತ ಬೇರೆ ಮಾಡೋಕೆ ಆಗಲ್ಲ. ಇನ್ನೊಂದು ವಿಷ್ಯ, ವೈಬಿಸಿಓಗೆ ನೀರು ಆಗಲ್ಲ. ತೇವದಲ್ಲಿ ಕೆಡತ್ತೆ, ಅದಕ್ಕೆ ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ತೊಳೀರಿ, ಸಿಲಿಕಾ ಜೆಲ್ ಇರೋ ಡೆಸಿಕೇಟರಲ್ಲಿ ಇಡಿ, ಅದ್ರಲ್ಲೂ ತಣ್ಣಗಿರೋ ಸ್ಯಾಂಪಲನ್ನ ಗಾಳಿಗೆ ತೆಗೆದು ಇಬ್ಬನಿ ಕೂರೋಕೆ ಬಿಡಬೇಡಿ, ಮಳೆಗಾಲದಲ್ಲಿ ಕರಾವಳಿ ಕಡೆ ಕೆಲಸ ಮಾಡೋರಿಗೆ ಇದು ಇನ್ನೂ ಮುಖ್ಯ.

ಅಳತೆಗೆ ಬ್ರಿಡ್ಜ್ ಮಾಡ್ಕೊಳ್ಳಿ, ಅಂದ್ರೆ ಫಿಲ್ಮಲ್ಲಿ ಒಂದು ಸಣ್ಣ ದಾರಿ ಕೆತ್ತೋದು, ಕರೆಂಟೆಲ್ಲ ಅದರಲ್ಲೇ ಹೋಗೋ ಹಾಗೆ. ಫೋಟೊಲಿಥೊಗ್ರಫಿ ಮಾಡಿ ನೀರು ಬೆರೆಸಿ ತೆಳು ಮಾಡಿದ ಫಾಸ್ಫೋರಿಕ್ ಆಸಿಡಲ್ಲಿ ಎಚ್ ಮಾಡೋದು (ಕರಗಿಸಿ ಕೆತ್ತೋದು) ಸುಲಭ, ಆರ್ಗಾನ್ ಅಯಾನ್ ಮಿಲ್ಲಿಂಗ್ ಇದ್ರೆ ಅಂಚು ಚೆನ್ನಾಗಿ ಬರತ್ತೆ. ಬ್ರಿಡ್ಜ್ ಯಾಕೆ, ಇಡೀ ಫಿಲ್ಮಿಗೇ ನಾಲ್ಕು ತಂತಿ ಅಂಟಿಸಿದ್ರೆ ಆಗಲ್ವಾ ಅಂತ ಕೇಳೋರಿಗೆ ಲೆಕ್ಕ ತೋರಿಸ್ತೀನಿ. 200 ನ್ಯಾನೋಮೀಟರ್ ದಪ್ಪ, 20 ಮೈಕ್ರಾನ್ ಅಗಲ, ವೋಲ್ಟೇಜ್ ತಂತಿಗಳ ನಡುವೆ 1 ಮಿಲಿಮೀಟರ್ ಇರೋ ಬ್ರಿಡ್ಜ್ ತಗೊಳ್ಳಿ. ಅಡ್ಡಕೊಯ್ತ 4 × 10⁻⁸ ಚದರ ಸೆಂಟಿಮೀಟರು. 77 ಕೆಲ್ವಿನ್ನಲ್ಲಿ ಒಳ್ಳೇ ಫಿಲ್ಮು ಚದರ ಸೆಂಟಿಮೀಟರಿಗೆ 20 ಲಕ್ಷ ಆಂಪಿಯರ್ ತಡ್ಕೊಳ್ಳತ್ತೆ ಅಂದ್ರೂ ಈ ಬ್ರಿಡ್ಜಲ್ಲಿ ಅದು ಬರೀ 80 ಮಿಲಿಆಂಪು, ಟೇಬಲ್ ಮೇಲಿರೋ ಸೋರ್ಸಿಂದಾನೇ ಕೊಡ್ಬಹುದು. ಅದೇ 5 ಮಿಲಿಮೀಟರ್ ಅಗಲದ ಫಿಲ್ಮಾಗಿದ್ರೆ 20 ಆಂಪ್ ಬೇಕು, ಕಾಂಟ್ಯಾಕ್ಟೇ ಸುಟ್ಟೋಗತ್ತೆ. ಇನ್ನು 100 ಕೆಲ್ವಿನ್ನಲ್ಲಿ ರೆಸಿಸ್ಟಿವಿಟಿ 100 ಮೈಕ್ರೋಓಮ್-ಸೆಂಟಿಮೀಟರ್ ಅಂತ ಇಟ್ಕೊಂಡ್ರೆ ಈ ಬ್ರಿಡ್ಜಿನ ರೆಸಿಸ್ಟೆನ್ಸ್ 250 ಓಮ್, 10 ಮೈಕ್ರೋಆಂಪ್ ಹರಿಸಿದ್ರೆ 2.5 ಮಿಲಿವೋಲ್ಟು. ನಿಮ್ಮ ನ್ಯಾನೋವೋಲ್ಟ್‌ಮೀಟರ್ 10 ನ್ಯಾನೋವೋಲ್ಟ್ ತನಕ ನಂಬೋ ಹಾಗಿದ್ರೆ 1 ಮಿಲಿಓಮ್ ತನಕ ಇಳೀಬಹುದು, ಅಂದ್ರೆ ಐದು ದಶಕಕ್ಕೂ (ಇಲ್ಲಿ ಒಂದು ದಶಕ ಅಂದ್ರೆ ಹತ್ತು ಪಟ್ಟು) ಮೀರಿ ಕರ್ವಿನ ಬುಡ ಕಾಣತ್ತೆ. ಈ ಐದು ದಶಕಕ್ಕೋಸ್ಕರಾನೇ ಇಷ್ಟೆಲ್ಲ ಕಷ್ಟ.

ಕಾಂಟ್ಯಾಕ್ಟಿಗೆ ಬರೀ ಸಿಲ್ವರ್ ಪೇಂಟ್ ಹಚ್ಚಿ ಮುಗಿಸಬೇಡಿ. ಮೊದಲು ಬೆಳ್ಳಿ ಅಥವಾ ಚಿನ್ನದ ಪ್ಯಾಡ್ ಹಾಕಿ, ಆಕ್ಸಿಜನಲ್ಲಿ ಸುಮಾರು 450 ಡಿಗ್ರಿಗೆ ಕಾಯಿಸಿ, ಅದರ ಮೇಲೆ ತಂತಿ ಅಂಟಿಸಿ. ನಾಲ್ಕು ತಂತಿ ವಿಧಾನದಲ್ಲಿ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಅಳತೆಗೆ ಸೇರಲ್ಲ ನಿಜ, ಆದ್ರೆ ಅದು ಬಿಸಿ ಮಾಡೋದನ್ನ ಯಾರೂ ತಡೆಯಲ್ಲ. 80 ಮಿಲಿಆಂಪ್ ಹರೀತಿರೋವಾಗ 1 ಓಮ್ ಕಾಂಟ್ಯಾಕ್ಟು 6 ಮಿಲಿವಾಟ್‌ಗಿಂತ ಜಾಸ್ತಿ ಶಾಖ ಕೊಡತ್ತೆ. ಲಿಕ್ವಿಡ್ ನೈಟ್ರೋಜನಲ್ಲಿ ಮುಳುಗಿದ್ರೆ ಪರವಾಗಿಲ್ಲ, ವ್ಯಾಕ್ಯೂಮಲ್ಲಿ ಕೋಲ್ಡ್ ಫಿಂಗರ್ (ತಣ್ಣಗಿರೋ ಲೋಹದ ಕಡ್ಡಿ) ಮೇಲೆ ಕೂತಿದ್ರೆ ಸ್ಯಾಂಪಲು ಥರ್ಮಾಮೀಟರಿಗಿಂತ ಬಿಸಿ ಇರತ್ತೆ, ನೀವು ಅದನ್ನ ವಾರ್ಟೆಕ್ಸ್ ಫಿಸಿಕ್ಸ್ ಅಂತ ಥೀಸಿಸಲ್ಲಿ ಬರೀತೀರಿ.

ಥರ್ಮಾಮೀಟರ್ ವಿಷ್ಯಕ್ಕೆ ಜನ ತಲೆ ಕೆಡಿಸ್ಕೊಳ್ಳೋದು ಕಮ್ಮಿ, ನನ್ನ ಪ್ರಕಾರ ಈ ಎಕ್ಸ್‌ಪೆರಿಮೆಂಟ್ ಹಾಳಾಗೋದು ಜಾಸ್ತಿ ಅಲ್ಲೇ. ಸಿಲಿಕಾನ್ ಡಯೋಡ್ ಸೆನ್ಸರು ಫೀಲ್ಡಲ್ಲಿ ಸುಳ್ಳು ಹೇಳತ್ತೆ, ಅದನ್ನ ಮ್ಯಾಗ್ನೆಟ್ ಒಳಗೆ ಇಡಲೇಬೇಡಿ. ಪಿಟಿ-100 (ಪ್ಲಾಟಿನಂ ರೆಸಿಸ್ಟೆನ್ಸ್ ಥರ್ಮಾಮೀಟರು) ಅಗ್ಗ, 77 ಕೆಲ್ವಿನ್ನಲ್ಲಿ ಸುಮಾರು 20 ಓಮ್ ತೋರಿಸತ್ತೆ, 1 ಟೆಸ್ಲಾ ಒಳಗೆ ಧಾರಾಳವಾಗಿ ಸಾಕು, ಆದ್ರೆ ಕೆಲವು ಟೆಸ್ಲಾ ದಾಟಿದ್ರೆ ಅದರದ್ದೇ ಮ್ಯಾಗ್ನೆಟೊರೆಸಿಸ್ಟೆನ್ಸ್ ಸೇರ್ಕೊಳ್ಳತ್ತೆ. ದುಡ್ಡಿದ್ರೆ ಫೀಲ್ಡಿಗೆ ಅಷ್ಟಾಗಿ ಅಲ್ಲಾಡದ ಸೆರ್ನಾಕ್ಸ್ ಸೆನ್ಸರು ತಗೊಳ್ಳಿ. ಯಾವುದೇ ಆಗ್ಲಿ, ಸ್ಯಾಂಪಲ್ ಕೂತಿರೋ ತಾಮ್ರದ ತುಂಡಿನ ಮೇಲೇನೇ, ಸ್ಯಾಂಪಲ್ ಪಕ್ಕದಲ್ಲೇ ಅಂಟಿಸಿ, ಅದರ ತಂತೀನೂ ಅದೇ ತಾಮ್ರಕ್ಕೆ ಸುತ್ತಿ. ಕರ್ವು ಬುಡದಲ್ಲಿ ಎಷ್ಟು ಕಡಿದಾಗಿರತ್ತೆ ಅಂದ್ರೆ 0.1 ಕೆಲ್ವಿನ್ ತಪ್ಪಾದ್ರೆ ರೆಸಿಸ್ಟೆನ್ಸಿನ ಲೆಕ್ಕಾನೇ ಬೇರೆ ಆಗೋಗತ್ತೆ.

ಮ್ಯಾಗ್ನೆಟ್ ಯಾವುದು? ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಇರೋ ಪಿಪಿಎಂಎಸ್ ಥರದ ಮಷಿನ್ ಸಿಕ್ರೆ ಅದೃಷ್ಟ, ಇಲ್ಲಾಂದ್ರೆ ಸಾಮಾನ್ಯ ಎಲೆಕ್ಟ್ರೋಮ್ಯಾಗ್ನೆಟ್ಟಲ್ಲಿ 1 ಟೆಸ್ಲಾ ಆಸುಪಾಸು ಸಿಗತ್ತೆ, ಅಷ್ಟರಲ್ಲೇ ಬೇಕಾದಷ್ಟು ಕಾಣತ್ತೆ. ಅದೂ ಇಲ್ಲಾಂದ್ರೆ ಎರಡು ನಿಯೋಡಿಮಿಯಂ ಮ್ಯಾಗ್ನೆಟ್ ಎದುರುಬದುರು ಇಟ್ಟು ಮಧ್ಯ ಸ್ಯಾಂಪಲ್ ಇಡಿ, ಆದ್ರೆ ಅದರ ಫೀಲ್ಡನ್ನ ರೂಮಲ್ಲಿ ಅಳೆದು ಅದೇ ನಂಬರ್ ಬರೀಬೇಡಿ, 135 ಕೆಲ್ವಿನ್ ಕೆಳಗೆ ಈ ಮ್ಯಾಗ್ನೆಟ್ಟಿನ ಒಳಗಿನ ದಿಕ್ಕೇ ಸ್ವಲ್ಪ ಓರೆ ಆಗೋದ್ರಿಂದ 77ರಲ್ಲಿ ಫೀಲ್ಡ್ ಬೇರೆ ಇರತ್ತೆ. ದಿಕ್ಕು ಬರೆದಿಟ್ಕೊಳ್ಳಿ: ಫೀಲ್ಡು ಫಿಲ್ಮಿಗೆ ಲಂಬವಾಗಿದ್ರೆ ಅಂದ್ರೆ ಸಿ-ಅಕ್ಷದ (ಹರಳಿನ ಪದರಗಳಿಗೆ ಲಂಬವಾದ ದಿಕ್ಕು) ಉದ್ದಕ್ಕಿದ್ರೆ ಪರಿಣಾಮ ಜಾಸ್ತಿ, ಫಿಲ್ಮಿನ ಸಮಕ್ಕಿದ್ರೆ ತುಂಬಾ ಕಮ್ಮಿ. ಮೊದಲ ಅಳತೆ ಲಂಬದಲ್ಲೇ ಮಾಡಿ. ನೈಟ್ರೋಜನ್ ಬಳಸೋವಾಗ ಕಿಟಕಿ ತೆಗೀರಿ, ಒಂದು ಲೀಟರ್ ಆವಿಯಾದ್ರೆ ಹತ್ತತ್ರ 700 ಲೀಟರ್ ಗ್ಯಾಸು, ಸಣ್ಣ ರೂಮಲ್ಲಿ ಆಕ್ಸಿಜನ್ ಕಮ್ಮಿ ಆಗೋದು ಗೊತ್ತೇ ಆಗಲ್ಲ.

ಈಗ ಆರ್-ಟಿ ಓಟ. ಟಿಸಿಗಿಂತ ಮೇಲೆ, 110 ಕೆಲ್ವಿನ್ ಹತ್ರ ಫೀಲ್ಡ್ ಹಾಕಿ, ಆಮೇಲೆ ತಣ್ಣಗೆ ಮಾಡ್ತಾ ಅಳೀರಿ. ತಣ್ಣಗೆ ಮಾಡಿದ್ಮೇಲೆ ಫೀಲ್ಡ್ ಹಾಕಿದ್ರೆ ಫ್ಲಕ್ಸು ಅಂಚಿಂದ ಒಳಗೆ ಬರೋಕೆ ಒದ್ದಾಡತ್ತೆ, ಫಿಲ್ಮೊಳಗೆ ಎಲ್ಲ ಕಡೆ ಒಂದೇ ಫೀಲ್ಡ್ ಇರಲ್ಲ. 95ರ ತನಕ ಬೇಗ ಇಳೀಬಹುದು, ಅಲ್ಲಿಂದ ನಿಮಿಷಕ್ಕೆ 0.3 ಕೆಲ್ವಿನ್‌ಗಿಂತ ನಿಧಾನ, ಬುಡಕ್ಕೆ ಬಂದ್ಮೇಲೆ ಒಂದೊಂದು ಟೆಂಪರೇಚರಲ್ಲೂ ನಿಲ್ಲಿಸಿ ಅಳೆಯೋದೇ ವಾಸಿ. ಪ್ರತಿ ಪಾಯಿಂಟಲ್ಲೂ ಕರೆಂಟಿನ ದಿಕ್ಕು ತಿರುಗಿಸಿ ಎರಡರ ವ್ಯತ್ಯಾಸದ ಅರ್ಧ ತಗೊಳ್ಳಿ, ತಂತಿಗಳಲ್ಲಿ ಹುಟ್ಟೋ ಥರ್ಮಲ್ ವೋಲ್ಟೇಜು ಇದರಿಂದ ಹೋಗತ್ತೆ, ಅದು ಎಷ್ಟೋ ಸಲ ನೀವು ಹುಡುಕ್ತಿರೋ ಸಿಗ್ನಲಿಗಿಂತ ನೂರು ಪಟ್ಟು ದೊಡ್ಡದಿರತ್ತೆ. ಆಮೇಲೆ ಇಡೀ ಓಟವನ್ನ 1 ಮೈಕ್ರೋಆಂಪಲ್ಲೂ 100 ಮೈಕ್ರೋಆಂಪಲ್ಲೂ ಮತ್ತೆ ಮಾಡಿ. ಮೂರೂ ಕರ್ವ್ ಒಂದರ ಮೇಲೊಂದು ಕೂತ್ರೆ ಆ ರೆಸಿಸ್ಟೆನ್ಸು ಓಮಿಕ್, ಬುಡದಲ್ಲಿ ಬೇರೆಬೇರೆ ಆದ್ರೆ ಅಲ್ಲಿಂದ ಕೆಳಗೆ "ರೆಸಿಸ್ಟೆನ್ಸ್ ಇಷ್ಟು" ಅಂತ ಒಂದೇ ನಂಬರ್ ಹೇಳೋದಕ್ಕೆ ಅರ್ಥಾನೇ ಇಲ್ಲ, ಯಾವ ಕರೆಂಟಿಗೆ ಅಂತ ಹೇಳ್ಲೇಬೇಕು.

ಗ್ರಾಫ್ ಬಂತು, ಈಗ ಓದೋದು. 5 ಟೆಸ್ಲಾ ಲಂಬ ಫೀಲ್ಡಲ್ಲಿ ವೈಬಿಸಿಓ ನೋಡಿದ್ರೆ ಮೇಲ್ಗಡೆ ತಲೆ, ಅಂದ್ರೆ ರೆಸಿಸ್ಟೆನ್ಸ್ ಬೀಳೋಕೆ ಶುರುವಾಗೋ ಜಾಗ, ಅಲ್ಲಾಡೇ ಇಲ್ಲ ಅನ್ಸತ್ತೆ. ಮೇಲಿನ ಕ್ರಿಟಿಕಲ್ ಫೀಲ್ಡು (ಸೂಪರ್‌ಕಂಡಕ್ಟಿವಿಟಿ ಪೂರ್ತಿ ಸಾಯೋ ಫೀಲ್ಡು) ಟಿಸಿ ಹತ್ರ ಕೆಲ್ವಿನ್ನಿಗೆ ಸುಮಾರು 2 ಟೆಸ್ಲಾ ಹಾಗೆ ಏರೋದ್ರಿಂದ ನಿಜವಾದ ಟಿಸಿ ಕೆಳಗೆ ಬಂದಿರೋದು 2.5 ಕೆಲ್ವಿನ್ ಅಷ್ಟೇ. ಬುಡ ಮಾತ್ರ 10 ಕೆಲ್ವಿನ್‌ಗೂ ಜಾಸ್ತಿ ಕೆಳಗೆ ಜಾರಿರತ್ತೆ. ಅದೇ ಇನ್ನೊಂದು ಕಾಪರ್ ಆಕ್ಸೈಡು, ಬಿಸ್ಮತ್ ಕುಟುಂಬದ 2212 ಅನ್ನೋದರ ಫಿಲ್ಮಲ್ಲಿ 1 ಟೆಸ್ಲಾಗೇ ಹತ್ತಾರು ಕೆಲ್ವಿನ್ ಬಾಲ ಬಿಡತ್ತೆ, ಯಾಕಂದ್ರೆ ಅದರಲ್ಲಿ ಪದರ ಪದರಕ್ಕೆ ಸಂಬಂಧ ಕಮ್ಮಿ, ವಾರ್ಟೆಕ್ಸು ಒಂದೇ ಕಡ್ಡಿಯಾಗಿರದೆ ಪದರಕ್ಕೊಂದು ಬಿಲ್ಲೆಯಾಗಿ ಒಡೆದು ತನ್ನಷ್ಟಕ್ಕೆ ಓಡಾಡತ್ತೆ. ಹಾಗಾಗಿ ರೆಸಿಸ್ಟೆನ್ಸ್ ಅರ್ಧ ಆದ ಜಾಗ ಹಿಡ್ಕೊಂಡು "ಟಿಸಿ ಇಷ್ಟು ಇಳೀತು, ಕ್ರಿಟಿಕಲ್ ಫೀಲ್ಡ್ ಇಷ್ಟು" ಅಂತ ಲೆಕ್ಕ ಹಾಕೋ ಪದ್ಧತಿ ಇದ್ಯಲ್ಲ, ಹಳೇ ಸೂಪರ್‌ಕಂಡಕ್ಟರಿಗೆ ಸರಿ, ಇಲ್ಲಿ ಅದು ಕೊಡೋದು ವಾರ್ಟೆಕ್ಸ್ ಓಡಾಟದ ಲೆಕ್ಕ. ಅಗಲ ಫೀಲ್ಡಿನ 2/3 ಘಾತಕ್ಕೆ ಏರತ್ತೆ ಅಂತ 1988ರಲ್ಲಿ ಟಿಂಕಮ್ ಹೇಳಿದ್ರು, ಮೊದಲ ತಪಾಸಣೆಗೆ ಅದನ್ನ ಹಾಕಿ ನೋಡಿ, ಚೆನ್ನಾಗೇ ಕೂರತ್ತೆ.

ಮುಂದಿನ ಹೆಜ್ಜೆ ಅರೀನಿಯಸ್ ಪ್ಲಾಟ್. ರೆಸಿಸ್ಟೆನ್ಸಿನ ಲಾಗ್ ಮೇಲ್ಗಡೆ ಅಕ್ಷಕ್ಕೆ, 1/ಟೆಂಪರೇಚರ್ ಕೆಳಗಡೆ ಅಕ್ಷಕ್ಕೆ. ಬುಡದ ಭಾಗ ನೇರ ಗೆರೆ ಆದ್ರೆ ಶಾಖದ ಬಲದಿಂದ ವಾರ್ಟೆಕ್ಸ್ ಒಂದು ಗುಂಡಿಯಿಂದ (ಅದನ್ನ ಹಿಡಿದಿಟ್ಕೊಂಡಿರೋ ದೋಷದ ಜಾಗ) ಇನ್ನೊಂದಕ್ಕೆ ಹಾರ್ತಿದೆ ಅಂತ, ಗೆರೆಯ ಇಳಿಜಾರು ಆ ಗುಂಡಿಯ ಆಳ (ಶಕ್ತಿಯನ್ನ ಕೆಲ್ವಿನ್ ಲೆಕ್ಕದಲ್ಲಿ ಹೇಳೋದು). 2212ರಲ್ಲಿ 1988ರಲ್ಲಿ ಪಾಲ್‌ಸ್ಟ್ರಾ ಮತ್ತೆ ಜೊತೆಯೋರು ಅಳೆದಾಗ 300ರಿಂದ 3000 ಕೆಲ್ವಿನ್ ಬಂದಿತ್ತು, ವೈಬಿಸಿಓ ಫಿಲ್ಮಲ್ಲಿ ಹತ್ತು ಸಾವಿರ ದಾಟೋದು ಮಾಮೂಲಿ. ಇಲ್ಲೊಂದು ಬಲೆ ಇದೆ. ಗೆರೆಯನ್ನ ಮೇಲಕ್ಕೆ ಎಳೆದು ಸೂತ್ರದ ಮುಂದೆ ಕೂರೋ ಗುಣಕ (ಪ್ರಿಫ್ಯಾಕ್ಟರ್) ತೆಗೆದ್ರೆ ನಾರ್ಮಲ್ ರೆಸಿಸ್ಟೆನ್ಸಿಗಿಂತ ಲಕ್ಷ ಕೋಟಿ ಪಟ್ಟು ದೊಡ್ಡ ಹುಚ್ಚು ನಂಬರ್ ಬರತ್ತೆ, ಜನ ಗಾಬರಿ ಆಗಿ ಡೇಟಾನೇ ತಪ್ಪು ಅಂದ್ಕೋತಾರೆ. ಡೇಟಾ ಸರಿ ಇದೆ. ಗುಂಡಿಯ ಆಳ ಟಿಸಿ ಹತ್ರ ಬಂದ ಹಾಗೆ ತಾನೇ ಸೊನ್ನೆಗೆ ಇಳಿಯತ್ತೆ, ಅದು ನೇರವಾಗಿ ಇಳಿದ್ರೂ ಪ್ಲಾಟ್ ನೇರಾನೇ ಕಾಣತ್ತೆ, ಇಳಿಜಾರಿಂದ ಸಿಗೋದು ಸೊನ್ನೆ ಕೆಲ್ವಿನ್ನಿನ ಆಳ, ಮಿಕ್ಕಿದ್ದೆಲ್ಲ ಗುಣಕದೊಳಗೆ ಸೇರ್ಕೊಂಡು ಅದನ್ನ ಊದಿಸತ್ತೆ. ಬೇರೆಬೇರೆ ಫೀಲ್ಡಿನ ಗೆರೆಗಳನ್ನ ಮೇಲಕ್ಕೆ ಎಳೆದಾಗ ಎಲ್ಲ ಟಿಸಿ ಹತ್ರ ಒಂದೇ ಬಿಂದುವಲ್ಲಿ ಸೇರಿದ್ರೆ ನಿಮ್ಮ ಕಥೆ ಸರಿಯಾಗಿದೆ ಅಂತ ಲೆಕ್ಕ.

ಇನ್ನು ಐ-ವಿ. ಟೆಂಪರೇಚರ್ ಸ್ಥಿರ ಇಟ್ಟು ಕರೆಂಟ್ ಏರಿಸ್ತಾ ವೋಲ್ಟೇಜ್ ನೋಡೋದು, ಲಾಗ್-ಲಾಗ್ ಹಾಳೇಲಿ. ಸೆಂಟಿಮೀಟರಿಗೆ 1 ಮೈಕ್ರೋವೋಲ್ಟ್ ಬಂದ ಕರೆಂಟನ್ನ ಕ್ರಿಟಿಕಲ್ ಕರೆಂಟ್ ಅನ್ನೋದು ರೂಢಿ, ನಮ್ಮ 1 ಮಿಲಿಮೀಟರ್ ಬ್ರಿಡ್ಜಿಗೆ ಅದು 100 ನ್ಯಾನೋವೋಲ್ಟು. ರೂಢಿ ಅಂತ ಒತ್ತಿ ಹೇಳ್ತಿದೀನಿ, ಅದರ ಕೆಳಗೆ ಸೊನ್ನೆ ಅಂತ ಯಾರೂ ಪ್ರಮಾಣ ಮಾಡಿಲ್ಲ. ಜಾಸ್ತಿ ಟೆಂಪರೇಚರಲ್ಲಿ ಕರ್ವುಗಳು ಕೆಳಗಡೆ ಕರೆಂಟಲ್ಲಿ ಓಮಿಕ್ ಆಗಿ ಮೇಲಕ್ಕೆ ಬಾಗ್ತವೆ, ಕಮ್ಮಿ ಟೆಂಪರೇಚರಲ್ಲಿ ಕೆಳಕ್ಕೆ ಬಾಗಿ ಮಾಯ ಆಗ್ತವೆ, ಮಧ್ಯ ಒಂದು ನೇರ ಗೆರೆ. ಆ ಗೆರೆಯಿಂದ ಕೆಳಗೆ ವಾರ್ಟೆಕ್ಸುಗಳು ಗಾಜಿನ ಥರ ಹೆಪ್ಪುಗಟ್ಟಿ ನಿಜವಾದ ಸೊನ್ನೆ ಬರತ್ತೆ ಅನ್ನೋದು ಮ್ಯಾಥ್ಯೂ ಫಿಶರ್ ಅವರ 1989ರ ವಾದ, ಅದೇ ವರ್ಷ ಐಬಿಎಂನ ಕಾಕ್ ಮತ್ತೆ ಸಂಗಡಿಗರು ವೈಬಿಸಿಓ ಫಿಲ್ಮಲ್ಲಿ ಅದನ್ನ ಕಂಡ್ವಿ ಅಂದ್ರು. 2001ರಲ್ಲಿ ಮೇರಿಲ್ಯಾಂಡ್ ಗುಂಪೊಂದು ಅದೇ ಥರದ ಡೇಟಾವನ್ನ, ಹೆಪ್ಪುಗಟ್ಟೋ ಟೆಂಪರೇಚರ್ ಅಂತ ಬೇರೆಬೇರೆ ನಂಬರ್ ಇಟ್ಕೊಂಡೂ, ಸ್ಕೇಲ್ ಮಾಡಿ ಒಂದೇ ಕರ್ವಿನ ಮೇಲೆ ಕೂರಿಸ್ಬಹುದು ಅಂತ ತೋರಿಸಿ ತಲೆನೋವು ತಂದ್ರು. ಹಾಗಾಗಿ ನಿಮ್ಮ ಡೇಟಾ ಅಚ್ಚುಕಟ್ಟಾಗಿ ಸ್ಕೇಲ್ ಆಯ್ತು ಅಂತ ಕುಣೀಬೇಡಿ. ಕೆಳಕ್ಕೆ ಬಾಗೋದು ಕಣ್ಣಿಗೆ ಕಾಣ್ಬೇಕು, ಅದೂ ವೋಲ್ಟ್‌ಮೀಟರಿನ ಗದ್ದಲದ ಮಟ್ಟಕ್ಕಿಂತ ಮೇಲೆ. ಮೇಲಿನ ತುದೀಲಿ ಬಾಗೋದು ಬಿಸಿ ಆಗಿದ್ದಕ್ಕಾ ಅಂತ ತಿಳಿಯೋಕೆ ಕರೆಂಟನ್ನ ಪಲ್ಸಾಗಿ ಕೊಟ್ಟು ಹೋಲಿಸಿ.

ಸ್ಯಾಂಪಲ್ ತಿರುಗಿಸೋ ಸೌಲಭ್ಯ ಇದ್ರೆ ಕರೆಂಟಿಗೆ ಯಾವಾಗ್ಲೂ ಫೀಲ್ಡ್ ಲಂಬ ಇರೋ ಹಾಗೆ ತಿರುಗಿಸಿ, ಇಲ್ಲಾಂದ್ರೆ ತಳ್ಳೋ ಬಲಾನೇ ಬದಲಾಗಿ ಎರಡು ವಿಷ್ಯ ಬೆರೆತುಹೋಗತ್ತೆ. ಫೀಲ್ಡು ಪದರಗಳ ಸಮಕ್ಕೆ ಬಂದಾಗ ಕ್ರಿಟಿಕಲ್ ಕರೆಂಟಲ್ಲಿ ಚೂಪು ಶಿಖರ ಬರತ್ತೆ, ಪದರಗಳೇ ವಾರ್ಟೆಕ್ಸನ್ನ ಹಿಡಿಯೋದ್ರಿಂದ. ಸಿ-ಅಕ್ಷದ ಕಡೆನೂ ಒಂದು ಶಿಖರ ಕಂಡ್ರೆ ಫಿಲ್ಮಲ್ಲಿ ನೆಟ್ಟಗೆ ನಿಂತ ದೋಷಗಳಿವೆ ಅಂತ. 2004ರಲ್ಲಿ ಮ್ಯಾಕ್‌ಮಾನಸ್-ಡ್ರಿಸ್ಕಾಲ್ ಮತ್ತೆ ಜೊತೆಯೋರು ಬೇರಿಯಂ ಜಿರ್ಕೋನೇಟ್ ಕಣಗಳನ್ನ ಬೇಕು ಅಂತಾನೇ ಬೆರೆಸಿ ಫೀಲ್ಡಲ್ಲಿ ಕ್ರಿಟಿಕಲ್ ಕರೆಂಟ್ ಏರಿಸಿದ್ರು, ಇವತ್ತಿನ ಸೂಪರ್‌ಕಂಡಕ್ಟಿಂಗ್ ಟೇಪ್ ಕಂಪನಿಗಳು ಮಾಡೋದೂ ಇದೇ ದಾರಿ. 2021ರ ಸೆಪ್ಟೆಂಬರಲ್ಲಿ ಎಂಐಟಿ ಮತ್ತೆ ಕಾಮನ್‌ವೆಲ್ತ್ ಫ್ಯೂಶನ್ ಕಂಪನಿ ಸೇರಿ 20 ಟೆಸ್ಲಾ ಮುಟ್ಟಿಸಿದ ಮ್ಯಾಗ್ನೆಟ್ಟಿನ ಒಳಗಿರೋದು ಇದೇ ಕುಟುಂಬದ ಫಿಲ್ಮು, ತೆಳು ಲೋಹದ ಪಟ್ಟಿ ಮೇಲೆ ಬೆಳೆಸಿದ್ದು, 20 ಕೆಲ್ವಿನ್ನಲ್ಲಿ ಓಡಿಸಿದ್ದು. 77ರಲ್ಲಿ ಯಾಕೆ ಓಡಿಸ್ಲಿಲ್ಲ ಅಂತ ಈಗ ನಿಮ್ಮ ಗ್ರಾಫೇ ಹೇಳತ್ತೆ, ಫೀಲ್ಡು ಲಂಬವಾಗಿದ್ರೆ 77ರಲ್ಲಿ ಹತ್ತು ಟೆಸ್ಲಾ ಮುಟ್ಟೋದ್ರೊಳಗೇ ವಾರ್ಟೆಕ್ಸುಗಳು ಕೈ ತಪ್ಪಿ ಹೋಗಿರ್ತವೆ.

ಎಲ್ಲ ಮುಗಿದ್ಮೇಲೆ ಸ್ಯಾಂಪಲ್ ಬಿಚ್ಚೋ ಮುಂಚೆ ಇನ್ನೊಂದು ಸಲ ಫೀಲ್ಡ್ ಇಲ್ಲದ ಆರ್-ಟಿ ತಗೊಳ್ಳಿ. ಎಲೆಕ್ಟ್ರೋಮ್ಯಾಗ್ನೆಟ್ಟಿನ ಕಬ್ಬಿಣದಲ್ಲಿ ಸ್ವಲ್ಪ ಫೀಲ್ಡ್ ಉಳಿದಿರತ್ತೆ, ಕರೆಂಟಿನ ದಿಕ್ಕು ಬದಲಾಯಿಸ್ತಾ ಕಮ್ಮಿ ಮಾಡ್ತಾ ಬಂದು ಹಾಲ್ ಪ್ರೋಬಲ್ಲಿ (ಫೀಲ್ಡ್ ಅಳೆಯೋ ಸೆನ್ಸರು) ಸೊನ್ನೆ ಮಾಡ್ಕೊಳ್ಳಿ, 110 ಕೆಲ್ವಿನ್ ತನಕ ಬಿಸಿ ಮಾಡಿ ಸಿಕ್ಕಿಕೊಂಡಿರೋ ಫ್ಲಕ್ಸ್ ಬಿಡಿಸಿ, ಆಮೇಲೆ ಅಳೀರಿ. ಮೊದಲ ದಿನದ ಕರ್ವಿನ ಮೇಲೆ ಇದು ಕೂತ್ರೆ ಮಧ್ಯದ ಎಲ್ಲ ಡೇಟಾ ನಂಬಬಹುದು. ಅರ್ಧ ಕೆಲ್ವಿನ್ ಕೆಳಗೆ ಬಂದಿದ್ರೆ ಫಿಲ್ಮ್ ತೇವ ಎಳ್ಕೊಂಡಿರಬೇಕು ಇಲ್ಲಾ ಥರ್ಮಾಮೀಟರ್ ಅಂಟು ಬಿಟ್ಟಿರಬೇಕು, ಯಾವುದು ಅಂತ ಗೊತ್ತಾಗೋ ತನಕ ಫಿಟ್ಟಿಂಗಿಗೆ ಕೂರಬೇಡಿ.